ಹಲ್ಲಿನ ಡಾಕ್ಟರಮ್ಮನ ಬಣ್ಣ ಬೀದಿಗೆ ಬಿದ್ದ ಪ್ರಸಂಗ

ಬಣ್ಣದಕ್ಕ ಯಾರನ್ನೂ ನಂಬುವವಳಲ್ಲ. ಹಾಲಿನವನನ್ನು ನಂಬಳು, ಗೋಡೆಯ ಗಡಿಯಾರವನ್ನು ನಂಬಳು, ಟೀವಿಯಲ್ಲಿ ಹವಾಮಾನ ಹೇಳುವ ಹುಡುಗಿಯನ್ನಂತೂ ಕನಸಿನಲ್ಲೂ ನಂಬಳು. "ಅವಳ ಉಗುರು ನೋಡಿ, ಎಡಗೈಗೆ ಒಂದು ಕೋಟು ಕಮ್ಮಿ. ತನ್ನ ಕೈಯನ್ನೇ ನೆಟ್ಟಗೆ ನೋಡ್ಕೊಳ್ಳದವಳು ಮೋಡ ನೋಡಿರ್ತಾಳಾ?" ಎನ್ನುವಳು. ಹಾಗೆ ಹೇಳಿ ಬಟ್ಟೆ ಒಳಗೆ ತಂದ ದಿನ ಬಿಸಿಲು ಕಾದದ್ದೂ ಉಂಟು, ಆದರೆ ಅದನ್ನು ಅವಳೆದುರು ನೆನಪಿಸುವ ಧೈರ್ಯ ಬೀದಿಯಲ್ಲಿ ಯಾರಿಗೂ ಇರಲಿಲ್ಲ.

ಫ್ಯಾನ್ಸಿ ಸ್ಟೋರಿನವನಿಗೆ ಅವಳು ಮೆಟ್ಟಿಲು ಹತ್ತುವುದು ಕಂಡರೆ ಸಾಕು, ಹಣೆ ಬೆವರುತ್ತಿತ್ತು. ಬಣ್ಣವಿಲ್ಲದ ನೇಲ್ ಪಾಲಿಶ್ ಬಾಟಲಿಯನ್ನು ಅವಳು ಟ್ಯೂಬ್‌ಲೈಟಿಗೆ ಹಿಡಿದು ತಲೆಕೆಳಗು ಮಾಡುವಳು. ಒಳಗಿನ ಗಾಳಿಗುಳ್ಳೆ ಸಾವಕಾಶವಾಗಿ ಮೇಲೇರಿದರೆ ಸರಿ, ಸರ್ರನೆ ಏರಿತೋ, ಯಾರೋ ತಿನ್ನರ್ ಬೆರೆಸಿದ್ದಾರೆಂದೇ ಅರ್ಥ.

"ಅಮ್ಮಾ, ಕಂಪನಿಯವರು ಸೀಲ್ ಹಾಕಿ ಕಳಿಸಿದ್ದು."

"ಕಂಪನಿಯವರೇನು ದೇವಲೋಕದಿಂದ ಇಳಿದು ಬಂದಿದಾರಾ? ಇನ್ನೊಂದು ತೆಗಿ."

ಇಷ್ಟು ಅನುಮಾನದ ಹೆಂಗಸಿನ ಕೈಗೆ ಊರ ಹೆಂಗಸರೆಲ್ಲ ನಂಬಿ ತಮ್ಮ ಕೈ ಕೊಡುತ್ತಿದ್ದರು ಎಂಬುದೇ ಸೋಜಿಗ.

ಅವಳ ಸಾಮ್ರಾಜ್ಯವೆಂದರೆ ಮೊದಲ ಮಹಡಿಯ ಎರಡು ಕೋಣೆಯ ಮನೆಯ ಮುಂದೆ, ಕಬ್ಬಿಣದ ಜಾಲರಿ ಹಾಕಿದ ಬಾಲ್ಕನಿ. ಸಿಂಹಾಸನವೆಂದರೆ ಒಂದು ಪ್ಲಾಸ್ಟಿಕ್ ಸ್ಟೂಲು. ಬಂದವರಿಗೆ ಬೆತ್ತದ ಕುರ್ಚಿ, ನಡುವೆ ಮಡಚುವ ಮೇಜು, ಅದರ ಮೇಲೆ ನಾಲ್ಕು ಮಡಿಕೆಯ ಹಳೆಯ ಟವೆಲ್ಲು. ಬೆನ್ನ ಹಿಂದೆ, ಮುಚ್ಚಿಹೋದ ಔಷಧದಂಗಡಿಯಿಂದ ಕೊಂಡು ತಂದ ಗಾಜಿನ ಬಾಗಿಲಿನ ಕಪಾಟು. ಒಂದು ಕಾಲದಲ್ಲಿ ಕೆಮ್ಮಿನ ಸಿರಪ್ಪು ನಿಂತಿದ್ದ ಜಾಗದಲ್ಲಿ ಈಗ ಹೆಬ್ಬೆರಳುದ್ದದ ಬಾಟಲಿಗಳು ಸಾಲಾಗಿ, ಮುಚ್ಚಳದ ನೆತ್ತಿಯ ಮೇಲೆ ಒಂದೊಂದು ಬೊಟ್ಟು ಬಣ್ಣ ಹೊತ್ತು ನಿಂತಿದ್ದವು. ಹೆಸರು ಗಿಸರು ಬರೆದಿಟ್ಟ ಚೀಟಿ ಒಂದೂ ಇಲ್ಲ. ಯಾವ ಬೊಟ್ಟು ಯಾರದೆಂದು ಅವಳಿಗೆ ಗೊತ್ತು, ಅವಳಿಗೆ ಮಾತ್ರ ಗೊತ್ತು.

ಬಣ್ಣ ಕೂಡಿಸುವಾಗ ನೋಡಬೇಕಿತ್ತು ಅವಳನ್ನು. ಹಳೆಯ ಐ ಶ್ಯಾಡೋದ ಬಿಲ್ಲೆಯನ್ನು ಒಂದು ಬಿಳಿ ಟೈಲ್ಸ್ ಚೂರಿನ ಮೇಲೆ ಚಮಚದ ಬೆನ್ನಿನಿಂದ ಅರೆದು, ಹಿಟ್ಟಿಗಿಂತ ನಯ ಮಾಡಿ, ಕಾಗದದ ಲಾಳಿಕೆಯಲ್ಲಿ ಬಾಟಲಿಗೆ ಇಳಿಸುವಳು. ಅದರ ಮೇಲೆ ಕೆಂಪೋ ನೇರಳೆಯೋ ತೊಟ್ಟು ತೊಟ್ಟಾಗಿ. ಕೊನೆಗೆ ಸೈಕಲ್ ಬೇರಿಂಗಿನ ಒಂದು ಉಕ್ಕಿನ ಗುಂಡು, ಟಿಣ್ ಎಂದು. ಆಮೇಲೆ ಬಾಟಲಿಯನ್ನು ಎರಡು ಅಂಗೈ ನಡುವೆ ಹೊರಳಿಸುವಳು, ಕುಲುಕುವಂತಿಲ್ಲ. ಕುಲುಕಿದರೆ ಗುಳ್ಳೆ, ಗುಳ್ಳೆಯಾದರೆ ಉಗುರಿಗೆ ಸಿಡುಬು. ಕೂಡಿದ ಬಣ್ಣವನ್ನು ಬಿಳಿ ಪ್ಲಾಸ್ಟಿಕ್ ಚಮಚಕ್ಕೆ ಹಚ್ಚಿ, ಒಣಗಿದ ಮೇಲೆ ಬಾಲ್ಕನಿಯ ಬಿಸಿಲಲ್ಲಿ, ಕೋಣೆಯ ಟ್ಯೂಬ್‌ಲೈಟಿನಲ್ಲಿ, ಕೊನೆಗೆ ಬಚ್ಚಲುಮನೆಯ ಮಂಕು ಬಲ್ಬಿನ ಕೆಳಗೆ ನಿಲ್ಲಿಸಿ ವಿಚಾರಣೆ ನಡೆಸುವಳು. ಬಣ್ಣಗಳು ಸುಳ್ಳು ಹೇಳುತ್ತವೆ, ಅಂಗಡಿಯಲ್ಲೊಂದು ಮುಖ, ಮನೆಯಲ್ಲೊಂದು ಮುಖ ತೋರಿಸುತ್ತವೆ ಎಂಬುದು ಅವಳ ಖಚಿತ ಅಭಿಪ್ರಾಯ. ನೆಂಟರ ಬಗ್ಗೆಯೂ ಅವಳ ಅಭಿಪ್ರಾಯ ಅದೇ.

ಚಿತ್ರ ಬಿಡಿಸಲು ಅವಳಿಗೆ ಕುಂಚ ಬೇಡ. ಹೇರ್‌ಪಿನ್ನಿನ ಗುಂಡುತಲೆ ಅದ್ದಿ ಐದು ಚುಕ್ಕೆ ಇಟ್ಟರೆ ಹೂವು. ಹಲ್ಲುಕಡ್ಡಿಯ ಮೊನೆಯಿಂದ ಅದೇ ಚುಕ್ಕೆಯನ್ನು ಎಳೆದರೆ ಎಲೆ. ಸೆಲ್ಲೋ ಟೇಪು ಅಂಟಿಸಿ ಹಚ್ಚಿ ಕಿತ್ತರೆ, ಎಂಜಿನಿಯರು ಎಳೆದಂಥ ನೇರ ಗೆರೆ.

ಆದರೆ ಊರಿನವರು ಬರುತ್ತಿದ್ದದ್ದು ಹೂವಿಗಲ್ಲ, ಎಲೆಗಲ್ಲ. ಬಣ್ಣದಕ್ಕನ ಮನೆಯಲ್ಲಿ ಒಂದು ಕಾನೂನಿತ್ತು: ಒಬ್ಬಳ ಬಣ್ಣ ಇನ್ನೊಬ್ಬಳಿಗಿಲ್ಲ. ಹಿಂದೊಮ್ಮೆ ಒಂದೇ ಮನೆಯ ಇಬ್ಬರು ಓರಗಿತ್ತಿಯರು ಒಂದೇ ಬಣ್ಣದ ಉಗುರಿನಲ್ಲಿ ಒಂದೇ ಮದುವೆಗೆ ಹೋಗಿ, ಊಟದ ಹೊತ್ತಿಗೆ ಬೇರೆ ಬೇರೆ ಸಾಲಿನಲ್ಲಿ ಕೂತು, ಮನೆಗೆ ಬರುವ ಹೊತ್ತಿಗೆ ಬೇರೆ ಬೇರೆ ಒಲೆ ಹೂಡಿದ್ದರು. ಅಂದಿನಿಂದ ಈ ಶಾಸನ. ನಿನ್ನ ಬಣ್ಣ ನಿನ್ನದೇ, ಬಾಟಲಿ ನನ್ನ ಕಪಾಟಿನಲ್ಲೇ. ಬೇಕಾದಾಗ ಬಾ, ಹಚ್ಚಿಸಿಕೊಂಡು ಹೋಗು. ಭೂಮಿಯ ಮೇಲೆ ತನ್ನೊಬ್ಬಳಿಗೇ ಸೇರಿದ ವಸ್ತು ಒಂದಾದರೂ ಇರಲಿ ಎಂದು ಆಸೆಪಡದ ಹೆಂಗಸು ಯಾರಿದ್ದಾಳೆ? ಗಂಡನ ವಿಷಯದಲ್ಲೇ ಅಷ್ಟು ಖಾತರಿ ಸಿಗದ ಕಾಲ ಇದು.

ಗಂಡನೆಂದಾಗ ನೆನಪಾಯಿತು. ಬಣ್ಣದಕ್ಕನ ಯಜಮಾನರನ್ನು ಬೀದಿಯವರು ಪಂಕ್ಚರ್ ರಾಯರು ಎನ್ನುತ್ತಿದ್ದರು. ಬೀದಿ ಮುಗಿಯುವಲ್ಲಿ, ಸಿಗ್ನಲ್ಲಿನ ಪಕ್ಕ, ಅವರ ಸೈಕಲ್ ರಿಪೇರಿ ಅಂಗಡಿ. ಈಚೆಗೆ ಸ್ಕೂಟರಿಗೂ ಕೈ ಹಾಕುತ್ತಿದ್ದರು. ಮಾತು ಕಡಿಮೆ, ಮೀಸೆ ಜಾಸ್ತಿ. ಬೇರಿಂಗಿನ ಗುಂಡುಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು ಹೆಂಡತಿಗೆ ತಂದುಕೊಡುವುದು ಅವರ ದಾಂಪತ್ಯದ ಮುಖ್ಯ ಸಂಭಾಷಣೆ. ಬಣ್ಣದಕ್ಕ ಅಂಗಡಿಯ ಕಡೆ ತಲೆ ಹಾಕಿಯೂ ಮಲಗುತ್ತಿರಲಿಲ್ಲ. ಗ್ರೀಸು ಅಂಟಿದರೆ ಕೈ ಕೆಟ್ಟೀತು, ಕೈ ಕೆಟ್ಟರೆ ಸಾಮ್ರಾಜ್ಯವೇ ಕೆಟ್ಟೀತು.

ಮನೆಯ ಮೂರನೆಯ ಜೀವ ಅತ್ತೆ. ಬಾಲ್ಕನಿಯ ಮೂಲೆಯಲ್ಲಿ, ಕಪಾಟಿಗೆ ಒರಗಿಕೊಂಡು, ಬೆಳ್ಳುಳ್ಳಿ ಸುಲಿಯುತ್ತ ಕೂರುವ ಮುದುಕಿ. ಅನುಮಾನದಲ್ಲಿ ಸೊಸೆಗೆ ಗುರು. ಸೊಸೆ ಹಾಲಿನವನನ್ನು ನಂಬದಿದ್ದರೆ, ಅತ್ತೆ ಹಸುವನ್ನೇ ನಂಬುತ್ತಿರಲಿಲ್ಲ.

ಇಂಥ ಭದ್ರಕೋಟೆಗೆ ಒಂದು ಸೋಮವಾರ ಬೆಳಿಗ್ಗೆ ಹಲ್ಲಿನ ಡಾಕ್ಟರಮ್ಮ ಬಂದಳು. ಬೆತ್ತದ ಕುರ್ಚಿಯಲ್ಲಿ ಕೂರಲಿಲ್ಲ. ಅಲ್ಲಿಗೇ ಬಣ್ಣದಕ್ಕನ ಕಿವಿ ನಿಮಿರಿತು.

ಡಾಕ್ಟರಮ್ಮನ ಬಣ್ಣ ಕಪಾಟಿನ ರತ್ನ. ಇಟ್ಟಿಗೆಗೆಂಪಿಗೆ ಚಿಟಿಕೆ ಬೂದಿಬಣ್ಣ, ಎರಡು ತೊಟ್ಟು ನೇರಳೆ. ಬಿಸಿಲಲ್ಲಿ ನೋಡಿದರೆ ಹಳೆಯ ಗೋಡೆಯ ಮೇಲೆ ಸಂಜೆ ಬಿದ್ದ ಹಾಗೆ, ನೆರಳಲ್ಲಿ ನೋಡಿದರೆ ಏನೋ ಗುಟ್ಟು ಬಚ್ಚಿಟ್ಟ ಹಾಗೆ. ಅದಕ್ಕೆ ಬಣ್ಣದಕ್ಕ ಇಟ್ಟಿಗೆಗುಲಾಬಿ ಎಂದು ಹೆಸರಿಟ್ಟಿದ್ದಳು. ವಾರವಿಡೀ ಕೈಗವಸು ಹಾಕಿ ಜನರ ಬಾಯಿಯೊಳಗೆ ಇಣುಕುವ ಡಾಕ್ಟರಮ್ಮ ಕೆಲಸದ ದಿನ ಉಗುರಿಗೆ ಏನೂ ಹಚ್ಚುವಂತಿರಲಿಲ್ಲ. ಭಾನುವಾರ ಒಂದು ದಿನ ಮಾತ್ರ ಆ ಕೈ ಅವಳದ್ದು, ಆ ಬಣ್ಣ ಅವಳದ್ದು.

"ಅಕ್ಕಾ, ನನ್ನ ಬಣ್ಣ ಇನ್ಯಾರಿಗೆ ಕೊಟ್ರಿ?"

ಬಣ್ಣದಕ್ಕ ಕಪಾಟಿನ ಕಡೆ ತಿರುಗಿ ನೋಡಿದಳು. "ಯಾರಿಗೂ ಇಲ್ಲ. ಏನು ಮಾತು ಅಂತ ಆಡ್ತೀರಿ ಡಾಕ್ಟರಮ್ಮ?"

"ಕಣ್ಣಾರೆ ನೋಡಿದೀನಿ. ಶನಿವಾರ ಸಿಗ್ನಲ್ಲಲ್ಲಿ ನನ್ನ ಕಾರಿನ ಪಕ್ಕ ಒಂದು ಸ್ಕೂಟರ್ ನಿಂತ್ಕೊಳ್ತು. ಹೆಲ್ಮೆಟ್ ಹಾಕಿದ ಹೆಂಗಸು. ಹ್ಯಾಂಡಲ್ ಹಿಡಿದ ಬೆರಳ ಹತ್ರ ಅದೇ ಬಣ್ಣ, ಅದೇ! ಜೊತೆಗೆ ನೀವು ಹಾಕೋ ಐದು ಚುಕ್ಕೆ ಹೂವು ಬೇರೆ. ನಾನು ಸರಿಯಾಗಿ ಬಗ್ಗಿ ನೋಡೋಷ್ಟರಲ್ಲಿ ಹಸಿರು ಬಿತ್ತು, ಬುರ್ ಅಂತ ಹೋದ್ಲು."

"ಬೇರೆ ಬಣ್ಣ ಇರಬಹುದು. ಕೆಂಪಲ್ಲಿ ಸಾವಿರ ಕೆಂಪಿದೆ."

"ಅಕ್ಕಾ, ದಿನಾ ಒಸಡಿನ ಬಣ್ಣ ನೋಡಿ ಕಾಯಿಲೆ ಹೇಳೋಳು ನಾನು. ನನ್ನ ಬಣ್ಣ ನನಗೆ ಗೊತ್ತಾಗಲ್ವಾ?" ಡಾಕ್ಟರಮ್ಮನ ದನಿ ಸಣ್ಣಗಾಯಿತು. "ಶನಿವಾರ ನನ್ನ ಕೈ ಬೋಳು. ಅವಳ ಕೈಲಿ ನನ್ನ ಬಣ್ಣ. ಹೇಗಾಗಿರಬೇಕು ಹೇಳಿ."

ಬರುವ ಭಾನುವಾರ ಡಾಕ್ಟರಮ್ಮನ ತಂಗಿಯ ಮದುವೆ. ಮದುಮಗಳಿಂದ ಹಿಡಿದು ಮನೆಯ ಹೆಂಗಸರೆಲ್ಲರ ಕೈ ಬಣ್ಣದಕ್ಕನದೇ ಎಂದು ಮಾತಾಗಿತ್ತು. "ಶನಿವಾರದೊಳಗೆ ಅವಳು ಯಾರು ಅಂತ ಹೇಳಿ. ಇಲ್ಲಾಂದ್ರೆ ಎಲ್ಲರನ್ನೂ ಕನ್ನಡಿ ಪಾರ್ಲರಿಗೆ ಕರ್ಕೊಂಡು ಹೋಗ್ತೀನಿ. ಅಲ್ಲಿ ಎಲ್ಲರಿಗೂ ಒಂದೇ ಬಣ್ಣ, ನಿಜ. ಆದ್ರೆ ಅವರು ಬೇರೆ ಮಾತೇನೂ ಕೊಟ್ಟಿರಲ್ವಲ್ಲ!"

ಅವಳು ಮೆಟ್ಟಿಲಿಳಿದು ಹೋದ ಮೇಲೆ ಬಣ್ಣದಕ್ಕ ಬೆಳ್ಳುಳ್ಳಿ ಸುಲಿಯುತ್ತಿದ್ದ ಅತ್ತೆಯ ಕಡೆ ತಿರುಗಿದಳು.

"ಕೇಳಿಸ್ತಾ ಅತ್ತೆ?"

"ಕೇಳಿಸ್ದೆ ಏನು, ಅವಳೇನು ಪಿಸುಗುಟ್ಟಿದಳಾ?"

"ಯಾರಿರಬಹುದು?"

"ಯಾರು ಬೇಕಾದ್ರೂ ಇರಬಹುದು," ಎಂದರು ಅತ್ತೆ, ಇಡೀ ಮನುಕುಲವನ್ನು ಒಂದು ಎಸಳು ಬೆಳ್ಳುಳ್ಳಿಯ ಜೊತೆ ಬಟ್ಟಲಿಗೆ ಹಾಕುತ್ತ. "ಮೇಲ್ಮನೆಯವಳು ಸಕ್ಕರೆ ಕೇಳೋ ನೆಪದಲ್ಲಿ ಬರ್ತಾಳೆ. ಗ್ಯಾಸಿನವನು ಬಂದಾಗೆಲ್ಲ ಕಪಾಟಿನ ಕಡೆ ನೋಡ್ತಾನೆ. ಆ ಕನ್ನಡಿಯವಳಂತೂ…"

ಕನ್ನಡಿಯವಳೆಂದರೆ ಎದುರು ಸಾಲಿನಲ್ಲಿ ನೆಲದಿಂದ ಸೂರಿನವರೆಗೆ ಕನ್ನಡಿ ಹೊಡೆಸಿ ಪಾರ್ಲರ್ ಇಟ್ಟವಳು. ಇಬ್ಬರಿಗೂ ಮಾತುಕತೆ ಇರಲಿಲ್ಲ, ಬರೀ ನೋಟಕತೆ. ಬಣ್ಣದಕ್ಕ ಈ ಬಾಲ್ಕನಿಯಿಂದ ನೋಡಿದರೆ ಕನ್ನಡಿಯವಳು ಆ ಕನ್ನಡಿಯಿಂದಲೇ ತಿರುಗಿ ನೋಡುತ್ತಿದ್ದಳು. ಅವಳಿಗೊಂದು ಸ್ಕೂಟರೂ ಇತ್ತು! ಬಣ್ಣದಕ್ಕನ ಮನಸ್ಸಿನ ನ್ಯಾಯಾಲಯದಲ್ಲಿ ತೀರ್ಪು ಅರ್ಧ ಬರೆದಾಯಿತು. ಆದರೆ ಅವಳು ಪುರಾವೆಯಿಲ್ಲದೆ ತನ್ನನ್ನೇ ನಂಬುವವಳಲ್ಲವಲ್ಲ.

ಇಟ್ಟಿಗೆಗುಲಾಬಿಯ ಬಾಟಲಿಗೆ, ಬಣ್ಣ ನಿಂತ ಮಟ್ಟಕ್ಕೆ ಸರಿಯಾಗಿ, ಒಂದೆಳೆ ಬಿಳಿದಾರ ಸುತ್ತಿ ಗಂಟು ಹಾಕಿದಳು. ಮರುದಿನ ಮಧ್ಯಾಹ್ನದ ಪಾತ್ರೆ ತೊಳೆದು, ಸೆರಗಿಗೆ ಕೈ ಒರೆಸಿಕೊಂಡು ಬಂದು ನೋಡಿದರೆ ಬಣ್ಣ ದಾರದಿಂದ ಕೂದಲೆಳೆಯಷ್ಟು ಕೆಳಗಿಳಿದಿತ್ತು.

ಕಳ್ಳ ಸಂದಿಯಿಂದ ಬಂದವನಲ್ಲ, ಬಾಗಿಲಿಂದ ಬಂದವನು. ಆ ದಿನ ಬಂದವರು ಮೂವರೇ. ಸಕ್ಕರೆಗೆ ಬಂದ ಮೇಲ್ಮನೆಯವಳು, ಸಿಲಿಂಡರ್ ಇಳಿಸಿದ ಗ್ಯಾಸಿನವನು, ಊಟಕ್ಕೆ ಬಂದ ಪಂಕ್ಚರ್ ರಾಯರು. ಬಣ್ಣದಕ್ಕ ಮೇಲ್ಮನೆಯವಳ ಬೆರಳನ್ನು ಸಕ್ಕರೆ ಡಬ್ಬಿಯ ಮೇಲೆಯೇ ಹಿಡಿದು ನೋಡಿದಳು, ಹಿಟ್ಟು ಬಿಟ್ಟರೆ ಏನೂ ಇರಲಿಲ್ಲ. ಗ್ಯಾಸಿನವನ ಉಗುರು ನೋಡಲು ಅವನಿಗೆ ನೀರು ಕೊಟ್ಟಳು. ಇಷ್ಟು ವರ್ಷದಲ್ಲಿ ಆ ಮನೆಯಲ್ಲಿ ನೀರು ಕಾಣದ ಅವನು ಗಾಬರಿಯಿಂದ ಒಂದೇ ಗುಟುಕಿಗೆ ಕುಡಿದು ಓಡಿದ.

"ನಿಮ್ಮ ಮಗ?" ಎಂದಳು ಅತ್ತೆಗೆ.

ಅತ್ತೆ ಮೂಗು ಮುರಿದರು. "ನನ್ನ ಮಗನಾ? ಅವನಿಗೆ ಟೊಮೇಟೊ ಯಾವುದು, ಬದನೇಕಾಯಿ ಯಾವುದು ಅಂತ ಮುಟ್ಟಿ ನೋಡಿದ್ಮೇಲೆ ಗೊತ್ತಾಗೋದು. ನೀನು ಆ ಸ್ಕೂಟರಿನ ಹೆಂಗಸನ್ನ ಹುಡುಕು, ಹೆಂಗಸನ್ನ!"

ಅತ್ತೆ ಹೆಂಗಸು ಹೆಂಗಸು ಎಂದು ಅಷ್ಟು ಒತ್ತಿ ಹೇಳಿದ್ದನ್ನು ಆಗಲೇ ಅನುಮಾನಿಸಬೇಕಿತ್ತು. ಎಲ್ಲರನ್ನೂ ಅನುಮಾನಿಸುವವರಿಗೆ ಇರುವ ತೊಂದರೆಯೇ ಅದು, ಪಕ್ಕದಲ್ಲಿ ಕೂತು ಜೊತೆಗೆ ಅನುಮಾನಿಸುವವರನ್ನು ಮರೆತುಬಿಡುತ್ತಾರೆ.

ಬಣ್ಣದಕ್ಕ ಬಲೆ ಹೆಣೆದಳು. ಅಸಲಿ ಬಣ್ಣವನ್ನು ಬೇರೆ ಬಾಟಲಿಗೆ ಸುರಿದು, ಅಕ್ಕಿ ಡಬ್ಬದ ತಳದಲ್ಲಿ ಹೂತಳು. ಹಳೆಯ ಬಾಟಲಿಗೆ ಅಂಥದೇ ಬಣ್ಣ ಕೂಡಿಸಿ, ಅದರಲ್ಲಿ ಚಿಟಿಕೆ ಬೆಳ್ಳಿಮಿಂಚಿನ ಪುಡಿ ಹಾಕಿದಳು. ಮನೆಯೊಳಗೆ ನೋಡಿದರೆ ಏನೂ ಗೊತ್ತಾಗದು. ಬಿಸಿಲು ಬಿತ್ತೋ, ಮೀನಿನ ಪೊರೆಯ ಹಾಗೆ ಮಿರಿಮಿರಿ. ಕಳ್ಳಿ ಬೀದಿಗೆ ಬಂದೇ ಬರುತ್ತಾಳೆ, ಸೂರ್ಯ ಸಾಕ್ಷಿ ಹೇಳೇ ಹೇಳುತ್ತಾನೆ. ಸೂರ್ಯನೊಬ್ಬನನ್ನು ಅವಳು ಅಷ್ಟಿಷ್ಟು ನಂಬುತ್ತಿದ್ದಳು.

ಮತ್ತೆ ಬಣ್ಣ ದಾರಕ್ಕಿಂತ ಇಳಿದ ಮರುದಿನವೇ ದಂಡಯಾತ್ರೆ ಹೊರಟಿತು. ಎಡಗೈಯಲ್ಲಿ ಕೊಡೆ, ಹೆಗಲಲ್ಲಿ ಹತ್ತಿ, ರಿಮೂವರು, ಬೇಕಾಗುವ ಬಾಟಲಿಗಳಿದ್ದ ಚೀಲ. ತರಕಾರಿ ಅಂಗಡಿಯಲ್ಲಿ ಬೆಂಡೆಕಾಯಿ ಮುರಿದು ನೋಡುವ ಬೆರಳುಗಳನ್ನು ನೋಡಿದಳು. ಬ್ಯಾಂಕಿನ ಸಾಲಿನಲ್ಲಿ ನಿಂತು ಪೆನ್ನು ಹಿಡಿದ ಬೆರಳುಗಳನ್ನು ನೋಡಿದಳು. ಬಸ್ ನಿಲ್ದಾಣದಲ್ಲಿ ಒಬ್ಬ ಹೆಂಗಸು ಪರ್ಸನ್ನು ಎದೆಗವಚಿಕೊಂಡು ದೂರ ಸರಿದಳು.

"ಏನಮ್ಮಾ, ಅವಾಗಿಂದ ನನ್ನ ಕೈನೇ ನೋಡ್ತಿದ್ದೀರಾ?"

"ನಿಮ್ಮ ಪರ್ಸ್ ಯಾರಿಗೆ ಬೇಕು, ಉಗುರು ತೋರಿಸಿ."

ಆ ಹೆಂಗಸು ಬಂದ ಮೊದಲ ಬಸ್ಸನ್ನೇ ಹತ್ತಿದಳು, ಅದು ಎಲ್ಲಿಗೆ ಹೋಗುತ್ತದೆಂದು ಕೂಡ ನೋಡದೆ.

ಊರಿಗೆ ಊರೇ ನಿರಪರಾಧಿ ಎಂದು ಸಾಬೀತಾಗತೊಡಗಿದಾಗ ಬಣ್ಣದಕ್ಕನಿಗೆ ಬಲು ಬೇಸರವಾಯಿತು. ಇನ್ನು ಉಳಿದದ್ದು ಒಂದೇ ಕೋಟೆ. ಜೀವಮಾನದಲ್ಲಿ ಮೊದಲ ಸಲ ಅವಳು ಕನ್ನಡಿ ಪಾರ್ಲರಿನ ಗಾಜಿನ ಬಾಗಿಲು ತಳ್ಳಿದಳು. ಒಳಗೆ ನಾಲ್ಕು ಗೋಡೆಯಲ್ಲಿ ನಾಲ್ಕು ಬಣ್ಣದಕ್ಕಂದಿರು ಕೊಡೆ ಹಿಡಿದು ಅವಳನ್ನೇ ದುರುಗುಟ್ಟಿ ನೋಡಿದರು.

ಕನ್ನಡಿಯವಳು ಯಾರದೋ ತಲೆಗೆ ಎಣ್ಣೆ ತಿಕ್ಕುತ್ತಿದ್ದವಳು ತಿರುಗಿದಳು. ಅವಳ ಹತ್ತು ಉಗುರೂ ಬೋಳು. ಬಣ್ಣದ ಸುಳಿವೇ ಇಲ್ಲ.

ಪಾರ್ಲರ್ ಇಟ್ಟವಳ ಉಗುರು ಬೋಳು! ಮಿಠಾಯಿ ಅಂಗಡಿಯವನು ಸಕ್ಕರೆ ಮುಟ್ಟುವುದಿಲ್ಲ ಎಂದ ಹಾಗೆ. ಒರೆಸಿಕೊಂಡಿದ್ದಾಳೆ, ಸುದ್ದಿ ತಿಳಿದು ಒರೆಸಿಕೊಂಡಿದ್ದಾಳೆ ಎಂದುಕೊಂಡಳು ಬಣ್ಣದಕ್ಕ.

"ಬನ್ನಿ ಅಕ್ಕಾ, ಕೂತ್ಕೊಳ್ಳಿ. ಏನು ಮಾಡಿಸ್ಕೋತೀರಿ?"

"ನಾನೇನು ಮಾಡಿಸ್ಕೊಳ್ಳೋಕೆ ಬಂದಿಲ್ಲ. ನಿನ್ನ ಸ್ಕೂಟರೆಲ್ಲಿ?"

"ಗಾಡೀನಾ? ನಿಮ್ಮ ಯಜಮಾನರ ಅಂಗಡೀಲೇ ಇದೆಯಲ್ಲ. ಪಾಪ, ಬಹಳ ಮುತುವರ್ಜಿ ಅವರಿಗೆ. ಕಳೆದ ವಾರವೂ ಎಷ್ಟು ಚೆನ್ನಾಗಿ ಮಾಡಿಕೊಟ್ರು ಅಂತೀನಿ! ಇವತ್ತು ಮಧ್ಯಾಹ್ನ ಬಂದು ತಗೊಂಡ್ ಹೋಗು ಅಂದಿದಾರೆ."

ಪಾಪ! ಮುತುವರ್ಜಿ! ಬಣ್ಣದಕ್ಕನ ತಲೆಯೊಳಗೆ ಎಲ್ಲ ಗುಂಡುಗಳೂ ಒಟ್ಟಿಗೆ ಟಿಣ್ ಎಂದವು. ಮನೆಯಿಂದ ಬಣ್ಣ ಹೋಗುತ್ತಿದೆ. ದಿನವೂ ಮನೆಯೊಳಗೆ ಬರುವ ಗಂಡಸು ಒಬ್ಬನೇ. ಆ ಗಂಡಸಿಗೆ ಈ ಹೆಂಗಸಿನ ಮೇಲೆ ಮುತುವರ್ಜಿ. ಮಾತು ಕಡಿಮೆ, ಮೀಸೆ ಜಾಸ್ತಿ ಎಂದಾಗಲೇ ತಿಳಿಯಬೇಕಿತ್ತು! ಕೊಡೆಯನ್ನು ಬಿಚ್ಚುವುದನ್ನೂ ಮರೆತು, ಕತ್ತಿಯ ಹಾಗೆ ಮುಂದೆ ಹಿಡಿದು, ನಡುಮಧ್ಯಾಹ್ನದ ಬಿಸಿಲಲ್ಲಿ ಅವಳು ಸಿಗ್ನಲ್ಲಿನ ಕಡೆ ನಡೆದಳು. ದಾರಿಯುದ್ದಕ್ಕೂ ಗಂಡನಿಗೆ ಕೇಳಬೇಕಾದ ಪ್ರಶ್ನೆಗಳನ್ನು ಮಸೆಯುತ್ತ ಹೋದಳು. ಮೊದಲನೆಯದು ಮೀಸೆಗೆ ಸಂಬಂಧಪಟ್ಟದ್ದು.

ಅಂಗಡಿಯ ಮುಂದೆ, ಬೇವಿನ ಮರದ ನೆರಳು ಮುಗಿದು ಬಿಸಿಲು ಶುರುವಾಗುವಲ್ಲಿ, ಕನ್ನಡಿಯವಳ ಬೂದುಹಸಿರು ಸ್ಕೂಟರು ನಿಂತಿತ್ತು. ಅದರ ಹ್ಯಾಂಡಲ್ಲಿನ ಮುಚ್ಚಳದ ಮೇಲೆ, ಬೆರಳು ಹಿಡಿಯುವ ಜಾಗದ ಪಕ್ಕದಲ್ಲೇ, ಐದು ಚುಕ್ಕೆಯ ಒಂದು ಹೂವು ಮಿರಿಮಿರಿ ಮಿಂಚುತ್ತಿತ್ತು.

ಬಣ್ಣದಕ್ಕ ಸುತ್ತಿ ಬಂದು ಆ ಬದಿ ನೋಡಿದಳು. ಅಲ್ಲೂ ಒಂದು ಹೂವು. ಅದರಲ್ಲಿ ಮಿಂಚಿಲ್ಲ, ಅಪ್ಪಟ ಇಟ್ಟಿಗೆಗುಲಾಬಿ. ಆಮೇಲೆ ಕಣ್ಣೆತ್ತಿ ಒಳಗೆ ನೋಡಿದಳು. ಬ್ರೆಡ್ಡಿನವನ ಸೈಕಲ್ಲಿನ ಮಡ್‌ಗಾರ್ಡಿನ ಮೇಲೆ ಟೀಚರಮ್ಮನ ತಿಳಿನೇರಳೆಯ ಎಲೆ. ನೀರಿನ ಕ್ಯಾನಿನವನ ಗಾಡಿಯ ಮೇಲೆ ವಕೀಲರ ಹೆಂಡತಿಯ ಅಂಜೂರದ ಬಣ್ಣದ ಮೂರು ಗೆರೆ, ಎಂಜಿನಿಯರು ಎಳೆದಂತೆ ನೇರ. ಅವಳ ಇಡೀ ಕಪಾಟು ಗ್ರೀಸಿನ ವಾಸನೆಯ ನಡುವೆ ಚಕ್ರ ಕಟ್ಟಿಕೊಂಡು ನಿಂತಿತ್ತು.

ಪಂಕ್ಚರ್ ರಾಯರು ಟ್ಯೂಬಿನಿಂದ ತಲೆ ಎತ್ತಿದರು. ಹೆಂಡತಿಯನ್ನು ಕಂಡರು. ಟ್ಯೂಬಿನಿಂದ ಗಾಳಿ ಹೋದ ಹಾಗೆ ಅವರ ಮುಖ ಇಳಿಯಿತು.

"ಇದೇನ್ರೀ?"

"ಹೂವು."

"ಹೂವು ಅಂತ ನನಗೂ ಕಾಣ್ತಿದೆ. ಯಾರಪ್ಪನ ಮನೆ ಬಣ್ಣ ಅಂತ ಕೇಳಿದ್ದು."

"ಗೀರು ಬಿದ್ದಿತ್ತು ಕಣೇ," ಎಂದರು ರಾಯರು, ಸ್ಪ್ಯಾನರಿಗೆ ಹೇಳುವವರಂತೆ. "ಅಂಗಡೀಲಿ ಸಿಗೋ ಪೇಂಟು ನಾಲ್ಕೇ ಬಣ್ಣ. ಯಾವ ಗಾಡಿಗೂ ಕೂಡಲ್ಲ. ಕೂಡದೇ ಇದ್ರೆ ಬೇಡ, ಗೀರಿನ ಮೇಲೆ ಒಂದು ಹೂವು ಕೂರಿಸಿದ್ರೆ ಗೀರು ಕಾಣಲ್ವಲ್ಲ ಅಂತ… ನೀನು ಮಾಡೋದು ನೋಡಿ ನೋಡಿ ಬಂತು. ಹೋದ ವಾರ ಒಂದು ಕಡೆ ಹಾಕಿದ್ದೆ, ಮೊನ್ನೆ ಅದಕ್ಕೇ ಇನ್ನೊಂದು ಕೋಟು ಕೊಟ್ಟೆ. ಒಂದೇ ಕಡೆ ಇದ್ರೆ ಒಂಟಿ ಕಿವಿಗೆ ಓಲೆ ಹಾಕಿದಂಗೆ ಕಾಣ್ತಿತ್ತು. ಅದಕ್ಕೆ ನಿನ್ನೆ ಈ ಕಡೆನೂ ಹಾಕ್ದೆ."

"ಕೇಳಿ ತಗೊಂಡ್ರೆ ನಾಲಿಗೆ ಸವೀತಿತ್ತಾ?"

"ಕೇಳಿದ್ದೆ. ನೀನೇ ಅಂದಿದ್ದೆ, ಹೆಂಗಸರ ಬೆರಳಿಗೆ ಹಚ್ಚೋದನ್ನ ತುಕ್ಕು ಕಬ್ಬಿಣಕ್ಕೆ ಹಚ್ತೀರಾ, ನಾಚಿಕೆ ಆಗಲ್ವಾ ಅಂತ."

"ಕಪಾಟಿನ ಪಕ್ಕ ಅತ್ತೆ ಕೂತಿರ್ತಾರಲ್ಲ? ಅವರ ಕಣ್ಣು ತಪ್ಪಿಸಿ ಹೇಗೆ ತಗೊಂಡ್ರಿ?"

ರಾಯರು ಮೀಸೆ ಸವರಿದರು. "ಅಮ್ಮನೇ ತೆಗೆದು ಕೊಡ್ತಾಳೆ."

ಬಣ್ಣದಕ್ಕ ಒಂದು ಕ್ಷಣ ಕೊಡೆಯ ಮೇಲೆ ಭಾರ ಬಿಟ್ಟು ನಿಂತಳು. ಹೆಂಗಸನ್ನ ಹುಡುಕು, ಹೆಂಗಸನ್ನ! ಗುರು ಎಂದರೆ ಗುರು. ಆದರೆ ಅಷ್ಟು ಕೋಪದಲ್ಲೂ ಅವಳ ಕಣ್ಣು ತನ್ನ ಕೆಲಸ ಮಾಡುತ್ತಿತ್ತು. ತೆಳ್ಳಗೆ ಮೂರು ಕೋಟು, ಒಂದು ಒಣಗಿದ ಮೇಲೆ ಇನ್ನೊಂದು. ಗುಳ್ಳೆಯಿಲ್ಲ. ಕುಲುಕಿಲ್ಲ, ಹೊರಳಿಸಿದ್ದಾರೆ.

"ಎರಡನೇ ಎಸಳು ದಪ್ಪ ಆಗಿದೆ," ಎಂದಳು.

"ಲಾರಿ ಹಾರ್ನ್ ಹೊಡೀತು. ಕೈ ಹಂದಾಡ್ತು."

ಅಷ್ಟರಲ್ಲಿ ಸಿಗ್ನಲ್ಲಿನ ಆಚೆ, ಕೆಂಪಿನಲ್ಲಿ ನಿಂತ ಕಾರುಗಳ ಸಾಲಿನಲ್ಲಿ, ಡಾಕ್ಟರಮ್ಮನ ಬಿಳಿ ಕಾರು ಕಂಡಿತು. ಮಧ್ಯಾಹ್ನದ ಊಟಕ್ಕೆ ಮನೆಗೆ ಹೋಗುವ ಹೊತ್ತು. ಬಣ್ಣದಕ್ಕ ಚೀಲಕ್ಕೆ ಕೈ ಹಾಕಿ ಹತ್ತಿ ತೆಗೆದು, ರಿಮೂವರ್ ಸುರಿದು, ಅಪ್ಪಟ ಬಣ್ಣದ ಹೂವಿನ ಮೇಲೆ ಒತ್ತಿದಳು.

"ಅದು ಬೇಡ ಕಣೇ, ಅದು…" ಎಂದರು ರಾಯರು.

"ನೀವು ಸುಮ್ನಿರಿ!"

ಸಾವಿರಾರು ಉಗುರು ಒರೆಸಿದ ಕೈ ಅದು. ಒಂದೇ ಎಳೆತಕ್ಕೆ ಹೂವು ಮಾಯ. ಇನ್ನೊಂದು ಎಳೆತ, ಗುರುತೂ ಇರದಿರಲಿ ಎಂದು. ಮೂರನೆಯದರಲ್ಲಿ ಹತ್ತಿ ಹಸಿರಾಯಿತು. ಉಗುರನ್ನು ಎಷ್ಟು ಒರೆಸಿದರೂ ಉಗುರು ಬರುವುದಿಲ್ಲ, ಸ್ಕೂಟರಿಗೆ ಹಾಗಲ್ಲ ಎಂಬುದು ಅವಳಿಗೆ ತಿಳಿಯುವ ಹೊತ್ತಿಗೆ ಮುಚ್ಚಳದ ಮೇಲೆ ಅಂಗೈಯಗಲದ ಪೇಲವ ಕಲೆ ಎದ್ದಿತ್ತು, ಬೊಕ್ಕತಲೆಯ ಹಾಗೆ.

"ಅದನ್ನೇ ಹೇಳೋಕೆ ಬಂದೆ," ಎಂದರು ರಾಯರು.

"ಅಕ್ಕಾ, ನನ್ನ ಗಾಡಿಗೆ ಮ್ಯಾನಿಕ್ಯೂರ್ ಮಾಡ್ತಿದೀರಾ?" ಹಿಂದಿನಿಂದ ದನಿ ಬಂತು. ಕನ್ನಡಿಯವಳು ಸೊಂಟಕ್ಕೆ ಕೈ ಕೊಟ್ಟು ನಿಂತಿದ್ದಳು. ಕಲೆ ಕಂಡದ್ದೇ ಅವಳ ನಗು ಮಾಯವಾಯಿತು. "ಅಯ್ಯೋ, ನನ್ನ ಹೂವೆಲ್ಲಿ? ಏನು ಮಾಡ್ಬಿಟ್ರಿ!"

ಹಸಿರು ಬಿದ್ದು ಬಿಳಿ ಕಾರು ಈಚೆ ಬಂತು, ಸ್ಕೂಟರ್ ಕಂಡು ಗಕ್ಕನೆ ನಿಂತಿತು. ಡಾಕ್ಟರಮ್ಮ ಇಳಿದಳು.

"ಅಕ್ಕಾ, ಇದೇ ಗಾಡಿ! ಅವತ್ತು ನಾನು ನೋಡಿದ್ದು ಇದೇ!" ಅವಳು ಕನ್ನಡಿಯವಳ ಬೆರಳುಗಳನ್ನು ನೋಡಿದಳು. ಬೋಳು. ಮತ್ತೆ ನೋಡಿದಳು. ಅವಳ ಮುಖದಲ್ಲಿ ಗೊಂದಲ ಸುಳಿಯಿತು. "ಉಗುರಲ್ಲಿ ಏನೂ ಇಲ್ವಲ್ಲ… ನಾನೇ ತಪ್ಪಾಗಿ ನೋಡಿದ್ನಾ?"

ಬಣ್ಣದಕ್ಕನ ಬಲಮುಷ್ಟಿಯೊಳಗೆ ಆ ಹತ್ತಿ ಇತ್ತು. ಹೌದು ಡಾಕ್ಟರಮ್ಮ, ನಿಮ್ಮ ಕಣ್ಣಿಗೆ ಮೋಸ ಆಗಿದೆ, ನನ್ನ ಬಣ್ಣ ಬೇರೆ ಯಾವ ಹೆಂಗಸಿನ ಬೆರಳಲ್ಲೂ ಇಲ್ಲ ಎಂದಿದ್ದರೆ ಮುಗಿಯುತ್ತಿತ್ತು. ಅದು ಸುಳ್ಳೂ ಆಗುತ್ತಿರಲಿಲ್ಲ. ಮದುವೆಯ ಕೈಗಳು ಉಳಿಯುತ್ತಿದ್ದವು, ಮಾತೂ ಉಳಿದಂತೆ ಕಾಣುತ್ತಿತ್ತು. ರಾಯರು ಹೆಂಡತಿಯನ್ನೇ ನೋಡಿದರು. ಆದರೆ ಮೂರು ಬೆಳಕಿನಲ್ಲಿ ನಿಲ್ಲಿಸಿ ನೋಡದೆ ಯಾವ ಬಣ್ಣವನ್ನೂ ಒಪ್ಪದ ಹೆಂಗಸು ಅವಳು. ಈ ಮಾತು ಬಚ್ಚಲುಮನೆಯ ಬಲ್ಬಿನ ಕೆಳಗೆ ಹೇಗೆ ಕಾಣುತ್ತದೆಂದು ಅವಳಿಗೆ ಗೊತ್ತಿತ್ತು.

ಮುಷ್ಟಿ ಬಿಚ್ಚಿದಳು.

"ನೀವು ನೋಡಿದ್ದು ನಿಜ. ಬಣ್ಣ ನಿಮ್ಮದೇ, ಹೋಗಿದ್ದು ನನ್ನ ಮನೆಯಿಂದಲೇ. ಬೆರಳಲ್ಲಿರಲಿಲ್ಲ, ಗಾಡಿ ಮೇಲಿತ್ತು. ಇವರು ನನ್ನ ಯಜಮಾನ್ರು, ಹೂವು ಹಾಕಿದವರು. ನಮ್ಮತ್ತೆ ಬಾಟಲಿ ಎತ್ತಿಕೊಟ್ಟವರು. ಇವಳದೇನೂ ತಪ್ಪಿಲ್ಲ. ಈಗ ಒರೆಸಿದವಳು ನಾನು."

ಡಾಕ್ಟರಮ್ಮ ಹತ್ತಿ ನೋಡಿದಳು, ಕಲೆ ನೋಡಿದಳು, ರಾಯರನ್ನು ನೋಡಿದಳು. ರಾಯರು ನೆಲದಲ್ಲಿ ಬೀಳದ ನಟ್ಟೊಂದನ್ನು ಹುಡುಕಲು ಬಗ್ಗಿದರು.

"ಸ್ಕೂಟರಿಗಾ?" ಎಂದಳು ಡಾಕ್ಟರಮ್ಮ. "ನಾನು ವಾರವೆಲ್ಲ ಕಾಯೋ ಬಣ್ಣ, ಸ್ಕೂಟರಿಗಾ?"

"ಆ ಕಡೆ ಇನ್ನೂ ಒಂದಿದೆ," ಎಂದಳು ಬಣ್ಣದಕ್ಕ. ಶುರು ಮಾಡಿದ ಮೇಲೆ ಅರ್ಧಕ್ಕೆ ನಿಲ್ಲಿಸುವುದು ಅವಳ ಜಾಯಮಾನವಲ್ಲ.

ಡಾಕ್ಟರಮ್ಮ ಸುತ್ತಿ ಹೋಗಿ ಬಿಸಿಲಲ್ಲಿ ಬಗ್ಗಿ ನೋಡಿದಳು, ಒಸಡು ನೋಡುವ ಹಾಗೆ. ಬಹಳ ಹೊತ್ತು ನೋಡಿದಳು. "ಇದು ನನ್ನದಲ್ಲ. ನನ್ನದರಲ್ಲಿ ಮಿಂಚಿಲ್ಲ."

"ಅದು ಕಳ್ಳರನ್ನ ಹಿಡಿಯೋಕೆ ನಾನು ಕೂಡಿಸಿದ್ದು."

"ಮತ್ತೆ ಅದು ಯಾರ ಬಣ್ಣ?" ಎಂದಳು ಕನ್ನಡಿಯವಳು ಥಟ್ಟನೆ.

"ಯಾರದ್ದೂ ಅಲ್ಲ."

"ಹಾಗಾದ್ರೆ ನನಗಿರಲಿ." ಕನ್ನಡಿಯವಳು ತನ್ನ ಬೋಳು ಉಗುರುಗಳನ್ನು ಒಮ್ಮೆ ನೋಡಿಕೊಂಡಳು. "ಎಣ್ಣೆ, ಕ್ರೀಮು, ಶಾಂಪೂ, ಈ ಕೈಯಲ್ಲಿ ಏನು ಹಚ್ಚಿದ್ರೂ ಸಂಜೆವರೆಗೆ ನಿಲ್ಲಲ್ಲ ಅಕ್ಕಾ. ಅದಕ್ಕೇ ಈ ಗಾಡಿ ಮೇಲಿನ ಹೂವು ಅಂದ್ರೆ ನನಗೆ… ಇರಲಿ ಬಿಡಿ. ನೀವು ಕೆಡಿಸಿದೀರಿ, ನೀವೇ ಸರಿ ಮಾಡ್ಕೊಡಿ."

ಬಣ್ಣದಕ್ಕ ಡಾಕ್ಟರಮ್ಮನ ಕಡೆ ನೋಡಿದಳು. ಡಾಕ್ಟರಮ್ಮ ಕೈಕಟ್ಟಿಕೊಂಡಳು. "ಮಿಂಚು ನನಗಾಗಲ್ಲ. ಹಾಕಿಕೊಡಿ. ಆದ್ರೆ ಇನ್ನೊಂದು ತೊಟ್ಟು ಏನಾದ್ರೂ ಬೇರೆ ಬಿಡಿ. ದೂರದಿಂದಾನೂ ನನ್ನದು ಅನ್ನಿಸಬಾರದು."

ಹೀಗೆ ಆ ಮಧ್ಯಾಹ್ನ, ಹಾದು ಹೋಗುವವರೆಲ್ಲ ನಿಂತು ನೋಡುತ್ತಿರುವಾಗ, ಗ್ರೀಸಿನ ಅಂಗಡಿಗೆ ಕಾಲಿಡದ ಬಣ್ಣದಕ್ಕ ಪಂಕ್ಚರ್ ರಾಯರ ಮುಕ್ಕಾಲಿಯ ಮೇಲೆ ಕೂತಳು. ಚೀಲದಲ್ಲಿದ್ದ ಮಿಂಚಿನ ಬಣ್ಣಕ್ಕೆ ಒಂದು ತೊಟ್ಟು ಕಡುನೀಲಿ ಬಿಟ್ಟು, ಅಂಗೈ ನಡುವೆ ಹೊರಳಿಸಿದಳು. ಮೊದಲು ಆ ಬದಿಯ ಹೂವಿನ ಮೇಲೆ ಹೊಸ ಬಣ್ಣದ ಒಂದು ಕೋಟು ಎಳೆದಳು. ಆಮೇಲೆ ಬೊಕ್ಕತಲೆಯ ಮೇಲೆ ಬಳ್ಳಿ ಹಬ್ಬಿಸಿದಳು. ಎಲೆ ಅವಳು ಎಳೆದರೆ, ಚುಕ್ಕೆ ರಾಯರು ಇಟ್ಟರು. "ಕೈ ಹಂದಾಡಬಾರ್ದು" ಎಂದು ಅವಳು ಎರಡು ಸಲ ಹೇಳಿದಳು.

ಮನೆಯಲ್ಲಿ ಅತ್ತೆಗೆ ವಿಚಾರಣೆ ನಡೆಯಿತು. ಅತ್ತೆ ಬೆಳ್ಳುಳ್ಳಿಯಿಂದ ಕಣ್ಣೆತ್ತಲಿಲ್ಲ. "ನೀನು ಕೇಳಿದ್ದು ಯಾವ ಹೆಂಗಸು ಅಂತ. ನನ್ನ ಮಗ ಹೆಂಗಸಾ?" ಎಂದರು. ಆ ಉತ್ತರಕ್ಕೆ ಮೇಲ್ಮನವಿ ಇರಲಿಲ್ಲ. ಅಂದಿನಿಂದ ಕಪಾಟಿಗೆ ಬೀಗ ಬಿತ್ತು. ಕೆಳಗಿನ ತಟ್ಟೆಯಲ್ಲಿ ರಾಯರಿಗೆಂದೇ ಬೇರೆ ಬಾಟಲಿಗಳು ಬಂದವು, ಯಾವ ಬೆರಳಿಗೂ ಸೇರದ ಕಬ್ಬಿಣದ ಬಣ್ಣಗಳು. ಟೀಚರಮ್ಮ ಮತ್ತು ವಕೀಲರ ಹೆಂಡತಿಯ ಮನೆಗೂ ಬಣ್ಣದಕ್ಕ ತಾನೇ ಹೋಗಿ ಸತ್ಯ ಹೇಳಿ ಬಂದಳು. ಟೀಚರಮ್ಮ ನಕ್ಕಳು. ವಕೀಲರ ಹೆಂಡತಿ ನಗಲಿಲ್ಲ, ಮತ್ತೆ ಬರಲೂ ಇಲ್ಲ.

ಮದುವೆಯ ಮುನ್ನಾದಿನ ಡಾಕ್ಟರಮ್ಮ ಹಿಂಡು ಕಟ್ಟಿಕೊಂಡು ಬಂದಳು. ಬಾಲ್ಕನಿಯ ತುಂಬ ಚಪ್ಪಲಿ, ನಗೆ, ಒಣಗಲೆಂದು ಗಾಳಿಯಲ್ಲಿ ಹಿಡಿದ ಕೈಗಳು. ಕೊನೆಗೆ ಬೆತ್ತದ ಕುರ್ಚಿಯಲ್ಲಿ ಡಾಕ್ಟರಮ್ಮನೇ ಕೂತಳು. ಅಕ್ಕಿ ಡಬ್ಬದಿಂದ ಅಸಲಿ ಬಣ್ಣ ಹೊರಬಂತು. ಮೂರು ತೆಳು ಕೋಟು, ಉಂಗುರದ ಬೆರಳಿಗೆ ಐದು ಚುಕ್ಕೆ. ಒಣಗಿದ ಮೇಲೆ ಅವಳು ಕೈ ಚಾಚಿದಳು.

"ಬಾಟಲಿ ಕೊಡಿ ಅಕ್ಕಾ. ಇನ್ಮೇಲೆ ಇದು ನನ್ನ ಹತ್ರಾನೇ ಇರುತ್ತೆ."

ಕಪಾಟಿನ ಇತಿಹಾಸದಲ್ಲಿ ಹಾಗೆ ಕೇಳಿದವರಿರಲಿಲ್ಲ. ಅತ್ತೆಯ ಕೈಯಲ್ಲಿದ್ದ ಬೆಳ್ಳುಳ್ಳಿ ನಿಂತಿತು. ಬಣ್ಣದಕ್ಕ ಬಾಟಲಿ ಕೊಟ್ಟಳು.

ಡಾಕ್ಟರಮ್ಮ ಮೇಜಿನ ಮೇಲಿದ್ದ ದಾರದುಂಡೆಯಿಂದ ಒಂದೆಳೆ ಹರಿದು, ಹೊಸ ಬಣ್ಣಕ್ಕೆ ತಾಗದಂತೆ ಬೆರಳ ತುದಿ ಮಡಚಿಕೊಂಡು, ಬಾಟಲಿಗೆ ಸುತ್ತಿ ಗಂಟು ಹಾಕಿದಳು. ಪರ್ಸಿಗೆ ಹಾಕುವ ಮುನ್ನ ಬಣ್ಣದಕ್ಕ ಅದನ್ನು ಈಸಿಕೊಂಡು ಬೆಳಕಿಗೆ ಹಿಡಿದಳು. ಅವಳ ಮುಖದಲ್ಲಿ, ಬಹಳ ಬುದ್ಧಿವಂತ ಶಿಷ್ಯೆಯನ್ನು ಕಂಡ ಗುರುವಿನ ಸಂತೋಷವಿತ್ತು.

"ಸ್ವಲ್ಪ ಕೆಳಗೆ ಕಟ್ಟಿದೀರಿ ಡಾಕ್ಟರಮ್ಮ," ಎಂದು ದಾರವನ್ನು ಬಣ್ಣದ ಅಂಚಿಗೆ ಸರಿಯಾಗಿ ಏರಿಸಿ ಕೊಟ್ಟಳು. "ಹೀಗೆ ಬಿಟ್ರೆ ಮೇಲಿಂದ ಯಾರು ಕದ್ರೂ ಗೊತ್ತಾಗಲ್ಲ."